ಗಾಲ್ವೇಯಲ್ಲಿ ಎಲ್ಲಿ ಉಳಿಯುತ್ತೀರಿ?

ಮೊನ್ನೆ ಭಾನುವಾರ ಮಾಟುಂಗದಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಕಾರ್ಯಕ್ರಮಕ್ಕೆ ಮುಂಚೆ ಉಪ್ಪಿಟ್ಟು, ಚಹಾ. ಹಳೆಯ ಗೆಳೆಯರೊಬ್ಬರು ತಟ್ಟೆ ಹಿಡಿದುಕೊಂಡೇ ನನ್ನನ್ನು ಮೂಲೆಗೆ ಕರೆದರು. ಅವರ ಮಗನಿಗೆ ಐರ್ಲೆಂಡಿನ ಗಾಲ್ವೇಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆಯಂತೆ. "ನಿಮ್ಮ ಮಗಳು ಅಲ್ಲೇ ಓದಿದ್ದಲ್ವಾ? ನಾವಿಬ್ಬರೂ ಅವನನ್ನು ಬಿಟ್ಟು ಬರಲು ಹೋಗ್ತೇವೆ. ಹತ್ತು ದಿನ. ಎಲ್ಲಿ ಉಳ್ಕೊಂಡರೆ ಒಳ್ಳೇದು ಹೇಳಿ" ಎಂದರು. ಹೇಳಿ ಎಂದವರು ನಾನು ಬಾಯಿ ತೆರೆಯುವ ಮೊದಲೇ ಮೊಬೈಲು ತೆಗೆದು ಫೋಟೋ ತೋರಿಸಿದರು. ಎರಡು ಬೆಡ್‌ರೂಮಿನ ಇಡೀ ಫ್ಲ್ಯಾಟು, ಅಡುಗೆಮನೆ, ವಾಷಿಂಗ್ ಮಶಿನ್ನು, ಕಿಟಕಿಯ ತುಂಬ ಸಮುದ್ರ. ಬಾಗಿಲ ಪಕ್ಕದ ಸಣ್ಣ ಪೆಟ್ಟಿಗೆಗೆ ನಂಬರು ಒತ್ತಿದರೆ ಬೀಗದ ಕೈ ಸಿಗುತ್ತದಂತೆ. "ಎರಡು ಹೋಟೆಲ್ ರೂಮಿಗಿಂತ ಅಗ್ಗ ಮಾರಾಯ್ರೆ!"

"ಇದು ಬೇಡ" ಎಂದೆ.

"ಯಾಕೆ?" ಎಂದರು. ಅಷ್ಟರಲ್ಲಿ ಒಳಗೆ ಪ್ರಾರ್ಥನೆ ಶುರುವಾಯಿತು, ಮಾತು ಅಲ್ಲಿಗೇ ನಿಂತಿತು. ಅವರಿಗೆ ಅವಸರದಲ್ಲಿ ಹೇಳಲಾಗದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ನಮ್ಮವರ ಮಕ್ಕಳು ಈಗ ಆ ಕಡೆಗೆ ಬಹಳ ಹೋಗುತ್ತಿದ್ದಾರೆ. ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ಊರಿನ ವಿಷಯ. ಗಾಲ್ವೇ ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿದೆ. ನಗರ ಎಂದು ಹೆಸರು, ಆದರೆ ಜನಸಂಖ್ಯೆ 80 ಸಾವಿರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಮ್ಮ ಮುಂಬೈಯ ಒಂದು ವಾರ್ಡಿಗೂ ಸಾಲದು. ಡಬ್ಲಿನ್ ವಿಮಾನ ನಿಲ್ದಾಣದ ಹೊರಗೇ ನೇರ ಬಸ್ಸು ಸಿಗುತ್ತದೆ, ಎರಡೂವರೆ ಮೂರು ಗಂಟೆಯ ದಾರಿ. ಬಸ್ಸು ಇಳಿದರೆ ಐರ್ ಸ್ಕ್ವೇರ್ ಎನ್ನುವ ದೊಡ್ಡ ಚೌಕ ಹತ್ತಿರದಲ್ಲೇ ಇದೆ. ರೈಲು ನಿಲ್ದಾಣವೂ ಅದರ ಮಗ್ಗುಲಲ್ಲೇ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಬಂದು ಭಾಷಣ ಮಾಡಿದ ಜಾಗವಾದ್ದರಿಂದ ಅಲ್ಲಿನ ಉದ್ಯಾನಕ್ಕೆ ಅವರ ಹೆಸರಿಟ್ಟಿದ್ದಾರೆ. ಜನ ಮಾತ್ರ ಐರ್ ಸ್ಕ್ವೇರ್ ಎಂದೇ ಕರೆಯುವುದು. ನಮ್ಮವರು ಈಗಲೂ ವಿ.ಟಿ. ಅನ್ನುವುದಿಲ್ಲವೇ, ಹಾಗೆ. ಅಲ್ಲಿಂದ ಶಾಪ್ ಸ್ಟ್ರೀಟ್ ಹಿಡಿದು ಇಳಿದರೆ ಕೀ ಸ್ಟ್ರೀಟ್. (ಬರೆಯುವುದು ಒಂದು, ಹೇಳುವುದು ಇನ್ನೊಂದು. ನಾನು ಮೂರು ದಿನ 'ಕ್ವೇ ಸ್ಟ್ರೀಟ್' ಎಂದು ದಾರಿ ಕೇಳಿ ಎಲ್ಲರನ್ನೂ ನಗಿಸಿದೆ.) ಅದರ ಕೊನೆಯಲ್ಲಿ ಕಾರಿಬ್ ನದಿ, 1584ರ ಸ್ಪ್ಯಾನಿಷ್ ಆರ್ಚ್. ಸೇತುವೆ ದಾಟಿದರೆ ಹಳೆಯ ಮೀನುಗಾರರ ಕೇರಿ ಕ್ಲಾಡಾ. ಅಲ್ಲಿಂದ ಸಮುದ್ರದ ಅಂಚಿನಲ್ಲೇ ಅರ್ಧ ಗಂಟೆ ನಡೆದರೆ ಸಾಲ್ಟ್‌ಹಿಲ್. ಉದ್ದದ ಕಡಲ ದಂಡೆ, ವಾಕಿಂಗಿಗೆ ಕಟ್ಟಿದ ದಾರಿ, ಆಚೆ ದಡದಲ್ಲಿ ಬರೆನ್ ಬೆಟ್ಟಗಳು. ವಾಕಿಂಗ್ ಮುಗಿಸುವವರು ಕೊನೆಯ ಗೋಡೆಗೆ ಒಂದು ಸಣ್ಣ ಒದೆ ಕೊಟ್ಟು ಹಿಂದಕ್ಕೆ ತಿರುಗುತ್ತಾರೆ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನೂ ಒದ್ದು ಬಂದೆ.

ಮುಂಬೈಯಲ್ಲಿ ನಲವತ್ತು ವರ್ಷ ಕಳೆದವನಿಗೆ 'ಸೀ ಫೇಸಿಂಗ್' ಎಂಬ ಎರಡು ಶಬ್ದ ಕೇಳಿದರೆ ಸಾಕು, ತಲೆ ತಿರುಗುತ್ತದೆ. ಮರೀನ್ ಡ್ರೈವ್‌ನಲ್ಲಿ ಜನ್ಮದಲ್ಲಿ ಸಿಗದ ಕಿಟಕಿ ಅಲ್ಲಿ ಹತ್ತು ದಿನಕ್ಕೆ ಸಿಗುತ್ತದಲ್ಲ ಎಂಬ ಆಸೆ. ಆದರೆ ಗಾಲ್ವೇಯ ಕಡಲ ಕಿಟಕಿ ಬೇರೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಮುಂಬೈಯ ಅರ್ಧದಷ್ಟು. ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ, ಅವರದ್ದು ವರ್ಷವಿಡೀ ಕಂತಿನಲ್ಲಿ. ಸಮುದ್ರದ ಗಾಳಿಗೆ ಮಳೆ ಮೇಲಿನಿಂದ ಬರುವುದಿಲ್ಲ, ಎದುರಿನಿಂದ ಬರುತ್ತದೆ. ಕೊಡೆ ಎರಡು ನಿಮಿಷಕ್ಕೆ ಮಗುಚುತ್ತದೆ. ಹಾಗಾಗಿ ಮಂಡಿನೋವಿನವರು, ಕಾರು ಇಲ್ಲದವರು ಐರ್ ಸ್ಕ್ವೇರಿಗೆ ನಡೆಯುವಷ್ಟು ಹತ್ತಿರ ಇರಿ. ಸಮುದ್ರ ನೋಡಲು ಅಲ್ಲಿಂದಲೇ ಸಾಲ್ಟ್‌ಹಿಲ್‌ಗೆ ಸಿಟಿ ಬಸ್ಸಿದೆ. ಮೊಹೇರ್ ಬಂಡೆಗಳಿಗೆ, ಅರಾನ್ ದ್ವೀಪದ ದೋಣಿ ಹಿಡಿಯಲಿಕ್ಕೆ ಹೊರಡುವ ಬಸ್ಸುಗಳೂ ಆ ಆಸುಪಾಸಿನಲ್ಲೇ. ಹಾಗೆಂದು ಕೀ ಸ್ಟ್ರೀಟಿನ ಮೇಲೇ ರೂಮು ಹಿಡಿಯಬೇಡಿ. ಸಾಲು ಪಬ್ಬುಗಳು, ಪಿಟೀಲು, ಹಾಡು, ರಾತ್ರಿ ಹನ್ನೆರಡಾದರೂ ಬೀದಿಯಲ್ಲಿ ಗಲಾಟೆ. ಕೇಳಲು ಚೆಂದ, ಮಲಗಲು ಅಲ್ಲ. ಜುಲೈ ಕೊನೆಯ ವಾರದ ಕುದುರೆ ರೇಸಿನ ಸಮಯವಂತೂ ಬೇಡವೇ ಬೇಡ. ಏಳು ದಿನ ಊರಿನಲ್ಲಿ ಹಾಸಿಗೆ ಸಿಗುವುದಿಲ್ಲ, ಸಿಕ್ಕಿದರೂ ರೇಟು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ.

ಇಷ್ಟು ಯಾರಾದರೂ ಹೇಳಿಯಾರು. ನಾನು ಹೇಳಬೇಕೆಂದುಕೊಂಡದ್ದು ಬೇರೆ.

2022ರ ಸೆಪ್ಟೆಂಬರಿನಲ್ಲಿ ನಾವೂ ಮಗಳನ್ನು ಬಿಟ್ಟು ಬರಲು ಹೋಗಿದ್ದೆವು. ಅವಳೇನೂ ಒಬ್ಬಳೇ ಹೋಗಲಾರದವಳಲ್ಲ. ಆದರೆ ಸೀಟು ಗಾಲ್ವೇಯಲ್ಲಿ ಎಂದ ದಿನ ನನ್ನ ಹೆಂಡತಿ ಸುಮ್ಮನಾಗಿಬಿಟ್ಟಳು. ಹುಬ್ಬಳ್ಳಿಯ ಅವಳ ಅಕ್ಕ ಫೋನಿನಲ್ಲಿ ಕೇಳಿದ್ದೂ ಅದನ್ನೇ: "ಆ ಸವಿತಾ ತೀರಿಕೊಂಡ ಊರಲ್ಲೇನು?" ಹೌದು, ಅದೇ ಊರು. ಬೆಳಗಾವಿಯಿಂದ ಹೋಗಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಗಾಲ್ವೇಯ ಆಸ್ಪತ್ರೆಯಲ್ಲಿ ತೀರಿಕೊಂಡರು. 31 ವರ್ಷ. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಗರ್ಭಪಾತ ಮಾಡಲಿಲ್ಲ, ನಂಜೇರಿತು. ಆ ಸಾವು ಅಲ್ಲಿಯ ಜನರನ್ನು ಬೀದಿಗಿಳಿಸಿತು. 2018ರ ಮೇಯಲ್ಲಿ ಜನಮತಗಣನೆ ನಡೆದು ಅವರ ಸಂವಿಧಾನದ ಆ ತಿದ್ದುಪಡಿಯೇ ಹೋಯಿತು. ಇದನ್ನೆಲ್ಲ ನಾನು ಹೆಂಡತಿಗೆ ವಿವರಿಸಿದೆ. ಅವಳು ಕೇಳಿಕೊಂಡು, "ಇರಲಿ ರೀ, ಒಮ್ಮೆ ನಾವೂ ಹೋಗಿ ಬರುವಾ" ಎಂದಳು. ಅದರ ಮೇಲೆ ಮಾತಿರಲಿಲ್ಲ.

ವೀಸಾ ಅರ್ಜಿಗೆ ಎಲ್ಲಿ ಉಳಿಯುತ್ತೀರಿ ಎಂದು ತೋರಿಸಬೇಕಲ್ಲ. (ಐರ್ಲೆಂಡು ಷೆಂಗೆನ್ ಕೂಟದಲ್ಲಿಲ್ಲ. ಯುರೋಪಿನ ವೀಸಾ ಇದೆ ಎಂದು ಹೊರಟುಬಿಡಬೇಡಿ.) ನಾವು ಹಿಡಿದದ್ದೂ ಇಂಥದೇ ಫ್ಲ್ಯಾಟು. ಕ್ಲಾಡಾದ ಹತ್ತಿರ, ನಂಬರಿನ ಪೆಟ್ಟಿಗೆ, ಬಿಳಿ ಗೋಡೆ, ಗೋಡೆಗೊಂದು ದೋಣಿಯ ಚಿತ್ರ. ಯಜಮಾನನ ಮುಖ ಕೊನೆಯವರೆಗೂ ನೋಡಲಿಲ್ಲ. ಹತ್ತು ದಿನದೊಳಗೆ ಮಗಳಿಗೆ ಒಂದು ರೂಮು ಹುಡುಕಿ ಕೊಟ್ಟು ಬರುವುದು ಎಂದು ನಮ್ಮ ಲೆಕ್ಕ. ಊರಿನಿಂದ ಬಂದ ಎಷ್ಟು ಹುಡುಗರಿಗೆ ಮುಂಬೈಯಲ್ಲಿ ರೂಮು ಮಾಡಿಸಿಕೊಟ್ಟಿಲ್ಲ ನಾನು! ಆ ಜಂಬ ಎರಡನೇ ದಿನಕ್ಕೇ ಇಳಿಯಿತು. ಒಂದು ರೂಮು ನೋಡಲು ಹೋದರೆ ಮೆಟ್ಟಿಲಿನಿಂದ ಗೇಟಿನವರೆಗೆ ಹುಡುಗ ಹುಡುಗಿಯರ ಕ್ಯೂ. ಮಳೆಯಲ್ಲಿ, ಕೈಯಲ್ಲಿ ಫೈಲು ಹಿಡಿದುಕೊಂಡು. ಐರಿಷ್ ಮಕ್ಕಳೂ ಇದ್ದರು, ಅವರ ಜೊತೆ ನಮ್ಮ ಹಾಗೆಯೇ ಪೆಚ್ಚು ಮುಖದ ಅಪ್ಪಂದಿರೂ ಇದ್ದರು. ಮೇಲ್ ಬರೆದರೆ ಉತ್ತರವಿಲ್ಲ. ಉತ್ತರ ಬಂದದ್ದು, ರೂಮು ನೋಡುವ ಮೊದಲೇ ದುಡ್ಡು ಕಳಿಸಿ ಎನ್ನುವ ಮೋಸಗಾರರಿಂದ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಕಣ್ಣಾರೆ ನೋಡದ ರೂಮಿಗೆ ಒಂದು ಯೂರೋ ಕೊಡಬೇಡಿ.

ಐದನೇ ದಿನ ಮಗಳು ತರಗತಿಯ ಗೆಳತಿಯೊಬ್ಬಳನ್ನು ಕರೆದುಕೊಂಡು ಬಂದಳು. ನಾಗಪುರದ ಹುಡುಗಿ. ಹಾಸ್ಟೆಲಿನ ಹನ್ನೆರಡು ಮಂಚದ ಕೋಣೆಯಲ್ಲಿ ಮಲಗುತ್ತಿದ್ದಳು, ವಾರಾಂತ್ಯಕ್ಕೆ ಪ್ರವಾಸಿಗರು ಬುಕ್ ಮಾಡಿದ್ದರಿಂದ ಅಲ್ಲೂ ಜಾಗವಿಲ್ಲ. ನಮ್ಮ ಸೋಫಾದ ಮೇಲೆ ಮೂರು ರಾತ್ರಿ ಮಲಗಿದಳು. ನನ್ನ ಹೆಂಡತಿ ಕುಕ್ಕರಿನಲ್ಲಿ ಅನ್ನ ಇಟ್ಟು ಸಾರು ಮಾಡಿ ಬಡಿಸಿದರೆ ಆ ಹುಡುಗಿ ತಟ್ಟೆ ನೋಡಿಕೊಂಡು ಅತ್ತಳು.

ಮರುದಿನ ಕಸದ ಡಬ್ಬಿ ಹೊರಗಿಡಲು ಹೋದಾಗ ಪಕ್ಕದ ಮನೆಯ ಅಜ್ಜಿ ಸಿಕ್ಕಿದರು. ನಾಯಿ ಹಿಡಿದುಕೊಂಡು ಹೊರಟಿದ್ದರು. ಯಾವ ಊರು, ಏನು ಎಂದೆಲ್ಲ ವಿಚಾರಿಸಿದರು. ಅಲ್ಲಿಯ ಜನ ನಮ್ಮ ಕುಂದಾಪುರದವರ ಹಾಗೆ, ಮಾತಿಗೆ ಸಿಕ್ಕಿದರೆ ಬಿಡುವುದಿಲ್ಲ. "ಈ ಮನೆಯಲ್ಲಿ ನಿಮ್ಮ ದೇಶದವರೇ ಇದ್ದರು. ನರ್ಸು. ಎರಡು ಸಣ್ಣ ಮಕ್ಕಳು. ಓನರು ನೋಟೀಸು ಕೊಟ್ಟ. ಈಗ ಊರಿನಿಂದ ಬಹಳ ದೂರ ಹೋಗಿದ್ದಾರಂತೆ" ಎಂದರು. ಕೋಪದಿಂದ ಹೇಳಿದ್ದಲ್ಲ. "ಮಕ್ಕಳಿದ್ದಾಗ ನನ್ನ ನಾಯಿಗೆ ಆಟಕ್ಕೆ ಜನ ಇತ್ತು, ಈಗ ವಾರಕ್ಕೊಂದು ಹೊಸ ಸೂಟ್‌ಕೇಸು" ಎಂದು ನಕ್ಕರು, ಅಷ್ಟೇ.

ನಾನು ಒಳಗೆ ಬಂದು ಕುಳಿತೆ. ಮಗಳಿಗೆ ಮನೆ ಸಿಗುವುದಿಲ್ಲ ಎಂದು ಊರನ್ನೆಲ್ಲ ಬೈಯುತ್ತಿದ್ದೇನೆ. ಬೈಯುತ್ತಾ ಕುಳಿತದ್ದು ಎಲ್ಲಿ? ಬಾಡಿಗೆಗೆ ಸಿಗಬೇಕಾಗಿದ್ದ ಒಂದು ಮನೆಯಲ್ಲಿ. ನಮ್ಮಂಥವರು ಹತ್ತು ದಿನಕ್ಕೆ ಒಳ್ಳೆ ದುಡ್ಡು ಕೊಡುವುದರಿಂದಲೇ ಅದು ವರ್ಷದ ಬಾಡಿಗೆಗೆ ಸಿಗುವುದಿಲ್ಲ.

ಸರಕಾರಕ್ಕೆ ಇದು ಗೊತ್ತಿಲ್ಲ ಎಂದಲ್ಲ. ಬಾಡಿಗೆ ಒತ್ತಡ ಇರುವ ಪ್ರದೇಶಗಳಿಗೆಂದು 2019ರ ಜುಲೈಯಲ್ಲಿ ಅಲ್ಲಿ ಒಂದು ನಿಯಮ ಬಂತು. ತಾನು ವಾಸವಿರುವ ಮನೆಯನ್ನು ಇಡಿಯಾಗಿ ಪ್ರವಾಸಿಗರಿಗೆ ಕೊಡುವುದಾದರೆ ವರ್ಷಕ್ಕೆ 90 ದಿನದ ಮಿತಿ. ತಾನು ವಾಸವಿಲ್ಲದ ಎರಡನೇ ಮನೆಯನ್ನು ಹೀಗೆ ದಿನದ ಲೆಕ್ಕದಲ್ಲಿ ಕೊಡಬೇಕಾದರೆ ಪ್ಲಾನಿಂಗ್ ಪರವಾನಗಿ ಬೇಕು. ತನ್ನ ಮನೆಯೊಳಗೆ ತಾನಿದ್ದುಕೊಂಡು ಒಂದು ಕೋಣೆ ಕೊಡುವುದಕ್ಕೆ ಈ ಮಿತಿ ಇಲ್ಲ. ನಿಯಮ ನೆಟ್ಟಗಿದೆ. ನಾವಿದ್ದ ಮನೆಗೆ ಪರವಾನಗಿ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ. ಬುಕ್ ಮಾಡುವಾಗ ಹಾಗೊಂದು ಕೇಳಬೇಕು ಎಂದೇ ಹೊಳೆದಿರಲಿಲ್ಲ.

ಹೊಟೇಲ್ ದುಬಾರಿ ಎಂದು ಫ್ಲ್ಯಾಟು ಹಿಡಿದ ಪ್ರವಾಸಿಗನ ಮೇಲೆ ಇಷ್ಟೆಲ್ಲ ಹೊರಿಸಬೇಕೇ ಎಂದು ನೀವು ಕೇಳಬಹುದು. ಒಬ್ಬ ಪ್ರವಾಸಿ ಬಿಟ್ಟರೆ ಗಾಲ್ವೇಯ ಮನೆ ಸಮಸ್ಯೆ ಮುಗಿಯುತ್ತದೆಯೇ? ಇಲ್ಲ. ಅವರು ಸಾಕಷ್ಟು ಮನೆ ಕಟ್ಟಿಲ್ಲ, ಅದು ದೊಡ್ಡ ಕಾರಣ. ಆದರೆ ಬೇರೆಯವರ ವಿಷಯ ಬಿಡಿ, ನಮ್ಮ ವಿಷಯ ಬೇರೆ. ನಾವು ಪರವೂರಿನಲ್ಲಿ ರೂಮು ಹುಡುಕಿ ಬದುಕಿದವರು. 1981ರಲ್ಲಿ ನಾನು ಮುಂಬೈಗೆ ಬಂದಾಗ ನನ್ನ ಮಾವ ಕೆಲಸ ಮಾಡುತ್ತಿದ್ದ ಫೋರ್ಟಿನ ಹೋಟೆಲಿನಲ್ಲಿ, ಗಿರಾಕಿಗಳು ಹೋದ ಮೇಲೆ ಮೇಜು ಜೋಡಿಸಿ ಮಲಗುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಇಡ್ಲಿ ಪಾತ್ರೆಯ ಸದ್ದಿಗೆ ಏಳಬೇಕು. ಆಮೇಲೆ ಬ್ಯಾಂಕಿನ ಕೆಲಸ ಸಿಕ್ಕಿ ಸಯನ್‌ನಲ್ಲಿ ಕಾಟ್ ಬೇಸಿಸ್. ಮಂಚ ನನ್ನದು, ಮಂಚದ ಕೆಳಗಿನ ಟ್ರಂಕಿನ ಜಾಗ ನನ್ನದು, ಉಳಿದದ್ದೆಲ್ಲ ಬೇರೆಯವರದ್ದು. ಹಗಲು ಪಾಳಿಯವನು ಎದ್ದು ಹೋದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಬಂದು ಮಲಗುವುದನ್ನು ಕಂಡವರು ನಾವು. ಮನೆ ಓನರು ನಾಳೆಯಿಂದ ಬೇಡ ಎಂದರೆ ಟ್ರಂಕು ತಲೆಯ ಮೇಲೆ. ಇಷ್ಟು ಅನುಭವಿಸಿದವನು ಇನ್ನೊಬ್ಬ ವಲಸಿಗಳ ಮಕ್ಕಳು ಆಡುತ್ತಿದ್ದ ಕೋಣೆಯಲ್ಲಿ ಹಾಯಾಗಿ ಕಾಲು ಚಾಚಿ ಸಮುದ್ರ ನೋಡಲಾರೆ. ಒಮ್ಮೆ ನೋಡಿದೆ, ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನೋಡಿದರೆ ಹೇಗೆ?

ಕೊನೆಗೆ ಮಗಳಿಗೆ ಸಿಕ್ಕಿದ್ದು ಅಲ್ಲಿಯವರು 'ಡಿಗ್ಸ್' ಎನ್ನುವ ವ್ಯವಸ್ಥೆ. ನಮ್ಮ ಪೇಯಿಂಗ್ ಗೆಸ್ಟ್ ಇದ್ದ ಹಾಗೆ. ಮನೆಯವರು ಇರುವ ಮನೆಯಲ್ಲಿ ಒಂದು ಕೋಣೆ. ಹೀಗೆ ಕೋಣೆ ಕೊಟ್ಟರೆ ವರ್ಷಕ್ಕೆ 14,000 ಯೂರೋವರೆಗಿನ ಬಾಡಿಗೆಗೆ ತೆರಿಗೆ ಇಲ್ಲ, ಅದಕ್ಕೆ ಕೊಡುವವರು ಮುಂದೆ ಬರುತ್ತಾರೆ. ಆದರೆ ಡಿಗ್ಸಿನಲ್ಲಿ ಇರುವವರಿಗೆ ಬಾಡಿಗೆದಾರರ ಹಕ್ಕುಗಳಿಲ್ಲ. ಮೊದಲ ಮನೆಯಲ್ಲಿ ಸೋಮವಾರದಿಂದ ಶುಕ್ರವಾರ ಮಾತ್ರ. ಶನಿವಾರ ಭಾನುವಾರ ಖಾಲಿ ಮಾಡಬೇಕು! ಐರಿಷ್ ಹುಡುಗರು ಶುಕ್ರವಾರ ಬಸ್ಸು ಹತ್ತಿ ಅಪ್ಪ ಅಮ್ಮನ ಮನೆಗೆ ಹೋಗುತ್ತಾರೆ, ಸರಿ. ಮುಲುಂಡಿನ ಹುಡುಗಿ ಶುಕ್ರವಾರ ಎಲ್ಲಿಗೆ ಹೋಗಬೇಕು? ಆರು ವಾರ ಗೆಳತಿಯರ ರೂಮಿನಲ್ಲಿ ಹಾಗೆ ಹೀಗೆ ಕಳೆದಳು. ಅದನ್ನು ನಮಗೆ ಹೇಳಿದ್ದು ಮರುವರ್ಷ. ಆಮೇಲೆ ಸಿಕ್ಕಿದ ಮನೆಯ ವಿಧವೆ ಹೆಂಗಸು ಅವಳನ್ನು ಮಗಳಂತೆ ನೋಡಿಕೊಂಡರು, ಅವರಿಗೆ ನಾವು ಈಗಲೂ ದೀಪಾವಳಿಗೆ ಫೋನ್ ಮಾಡುತ್ತೇವೆ.

ಸರಿ, ಫ್ಲ್ಯಾಟು ಬೇಡ ಎಂದರೆ ಮತ್ತೆಲ್ಲಿ?

2024ರ ಜೂನಿನಲ್ಲಿ ಎರಡನೇ ಸಲ ಹೋದಾಗ ಮೊದಲ ನಾಲ್ಕು ದಿನ ಕಾಲೇಜ್ ರೋಡಿನ ಒಂದು ಬಿ ಆ್ಯಂಡ್ ಬಿ.ಯಲ್ಲಿ ಇದ್ದೆವು. ಐರ್ ಸ್ಕ್ವೇರಿನಿಂದ ನಡೆದು ಹೋಗುವಷ್ಟು ದೂರ, ಆ ರಸ್ತೆಯಲ್ಲಿ ಇಂಥ ಮನೆಗಳು ಸಾಲಾಗಿವೆ. ಸಾಲ್ಟ್‌ಹಿಲ್ ಕಡೆಯೂ ಇವೆ. ಮನೆಯವರು ಕೆಳಗಿರುತ್ತಾರೆ, ಮೇಲೆ ಮೂರು ನಾಲ್ಕು ಕೋಣೆ, ಬೆಳಿಗ್ಗೆ ತಿಂಡಿ. ತಿಂಡಿ ಎಂದರೆ ಹಂದಿ ಮಾಂಸ, ಸಾಸೇಜು, ಮೊಟ್ಟೆ, ಜೊತೆಗೆ ಕರಿ ಬಿಲ್ಲೆಯಂಥದ್ದೊಂದು. ನಾನು ಅದನ್ನು ಬದನೆಕಾಯಿ ಪೋಡಿ ಎಂದುಕೊಂಡಿದ್ದೆ. ಹಂದಿಯ ರಕ್ತದಿಂದ ಮಾಡಿದ್ದು! ಹಿಂದಿನ ರಾತ್ರಿಯೇ ಸಸ್ಯಾಹಾರಿ ಎಂದು ಹೇಳಿಬಿಡಿ. ಓಟ್ಸ್ ಗಂಜಿ, ಸೋಡಾ ಹಾಕಿದ ಕಂದು ಬ್ರೆಡ್ಡು, ಬೆಣ್ಣೆ ಕೊಡುತ್ತಾರೆ. ಆ ಬೆಣ್ಣೆಗೆ ಮಾತ್ರ ಸಾಟಿಯಿಲ್ಲ. ಮನೆಯ ಯಜಮಾನತಿ ನಮ್ಮ ಒದ್ದೆ ಜಾಕೆಟುಗಳನ್ನು ಬಾಯ್ಲರಿನ ಕೋಣೆಯಲ್ಲಿ ಒಣಗಿಸಿಕೊಟ್ಟರು. ನಂಬರಿನ ಪೆಟ್ಟಿಗೆ ಇದನ್ನು ಮಾಡುತ್ತದೆಯೇ?

ಆದರೆ ಅಡುಗೆಮನೆ ಇಲ್ಲ. ಇದು ಸಣ್ಣ ಆಕ್ಷೇಪವಲ್ಲ, ನನಗೆ ಗೊತ್ತು. ನಮ್ಮವರು ಪರದೇಶಕ್ಕೆ ಹೊರಟರೆ ಪಾಸ್‌ಪೋರ್ಟಿನ ಜೊತೆಗೇ ಸಾರಿನ ಪುಡಿ ಕಟ್ಟುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಸಣ್ಣ ಮಕ್ಕಳಿರುವವರಿಗೆ ಹತ್ತು ದಿನ ಬ್ರೆಡ್ಡಿನ ಮೇಲೆ ಇರಿ ಎನ್ನಲಾಗುವುದಿಲ್ಲ. ಇದಕ್ಕೆ ದಾರಿ ತೋರಿಸಿದವಳು ಮಗಳು. ವಿಶ್ವವಿದ್ಯಾಲಯದ ಆವರಣದ ಬಳಿ ಕಾರಿಬ್ ವಿಲೇಜ್ ಎಂಬ ವಿದ್ಯಾರ್ಥಿ ವಸತಿ ಇದೆ. ಬೇಸಿಗೆ ರಜೆಯಲ್ಲಿ ಹುಡುಗರು ಊರಿಗೆ ಹೋಗಿರುತ್ತಾರಲ್ಲ, ಆಗ ಆ ಮನೆಗಳನ್ನು ಪ್ರವಾಸಿಗರಿಗೆ ಕೊಡುವ ವಾಡಿಕೆ ಇದೆ. ಅಡುಗೆಮನೆ ಇದೆ, ಪಕ್ಕದಲ್ಲೇ ನದಿ, ಊರಿನ ನಡುವಿಗೆ ಅರ್ಧ ಗಂಟೆಯ ನಡಿಗೆ. ಉಳಿದ ಆರು ದಿನ ಅಲ್ಲಿದ್ದೆವು. ಮಂಚ ಸಣ್ಣದು, ಗೋಡೆಯಲ್ಲಿ ಸಮುದ್ರದ ಚಿತ್ರವಿಲ್ಲ. ಆದರೆ ನಾವು ಯಾರನ್ನೂ ಎಬ್ಬಿಸಿ ಅಲ್ಲಿ ಮಲಗಿರಲಿಲ್ಲ. ರಾತ್ರಿ ಹತ್ತಕ್ಕೂ ಬೆಳಕಿರುವ ಆ ಜೂನಿನಲ್ಲಿ ಊಟ ಮುಗಿಸಿ ನದಿ ದಂಡೆಯಲ್ಲಿ ಕುಳಿತರೆ ಹೆಂಡತಿಗೆ ಮಲಗುವ ಹೊತ್ತೇ ತಿಳಿಯುತ್ತಿರಲಿಲ್ಲ.

ನನ್ನ ಗೆಳೆಯರಿಗೆ ಈ ದಾರಿ ಆಗುವುದಿಲ್ಲ. ಅವರು ಹೋಗುವುದು ಕಾಲೇಜು ಶುರುವಾಗುವಾಗ, ಆಗ ಆ ಕೋಣೆಗಳು ಮಕ್ಕಳಿಗೇ ಬೇಕು. ಅವರು ಬಿ ಆ್ಯಂಡ್ ಬಿ.ಯಲ್ಲೇ ಇರಬೇಕು, ಸ್ವಲ್ಪ ಖರ್ಚು ಜಾಸ್ತಿ ಬೀಳುತ್ತದೆ. ಮಗನ ರೂಮನ್ನು ಇಲ್ಲಿಂದ ಹೊರಡುವ ಮೊದಲೇ, ವಿಶ್ವವಿದ್ಯಾಲಯದ ವಸತಿ ವಿಭಾಗದ ಮೂಲಕ ಹುಡುಕಬೇಕು. ಡಿಗ್ಸ್ ಆದರೆ ಏಳು ದಿನವೋ ಐದು ದಿನವೋ ಎಂದು ಮೊದಲು ಕೇಳಬೇಕು.

ಮೊನ್ನೆ ರಾತ್ರಿ ಅವರಿಗೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾನು ಬಂದಾಗ ಕಾಂದಿವಲಿಯಲ್ಲಿ ಒಂದು ರೂಮಿನಲ್ಲಿ ಒಂಬತ್ತು ಜನ ಇದ್ದೆವು" ಎಂದರು. ಅಷ್ಟರಲ್ಲಿ ಅವರ ಶ್ರೀಮತಿ ಫೋನು ತೆಗೆದುಕೊಂಡು, "ಭಾವ, ಕೋಣೆಯಲ್ಲಿ ಒಂದು ಎಲೆಕ್ಟ್ರಿಕ್ ಕೆಟ್ಲಾದರೂ ಇರ್ತದಾ?" ಎಂದು ಕೇಳಿದರು. ಇರುತ್ತದೆ, ಆದರೆ ಪ್ಲಗ್ಗು ನಮ್ಮದಲ್ಲ, ಇಂಗ್ಲೆಂಡಿನ ಥರದ ಚೌಕ ಮೂರು ಕಡ್ಡಿಯದ್ದು, ನಿಮ್ಮ ಮೊಬೈಲಿಗೆ ಅಡಾಪ್ಟರು ಬೇಕು ಎಂದೆ. ನಿನ್ನೆ ಸಂಜೆ ಅವರ ಮಗ ಬಂದು ನಮ್ಮ ಮನೆಯಲ್ಲಿದ್ದ ಎರಡು ಅಡಾಪ್ಟರನ್ನೂ ತೆಗೆದುಕೊಂಡು ಹೋದ.